ಬೇಳೆ ಬೇಯುವ ನೀರು

ಅರಿಸಿನವೂ ಒಂದು ತೊಟ್ಟು ಹರಳೆಣ್ಣೆಯೂ ಬಿದ್ದ ತೊಗರಿಬೇಳೆ ಕುದಿಯತೊಡಗಿದಾಗ ಬರುವ ವಾಸನೆ ಯಾರಿಗೂ ಹೊಸದಲ್ಲ. ಆದರೆ ಕಳೆದ ತಿಂಗಳು ಗೊರೂರಿನ ಹಿನ್ನೀರಿನ ದಡದ ಒಂದು ಹೋಂಸ್ಟೇಯಲ್ಲಿ, ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿದು, ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೇಳೆಯನ್ನು ನಾನೇ ಹಾಸನದಿಂದ ಕಟ್ಟಿಕೊಂಡು ಹೋಗಿದ್ದೆ. ಬೇಯಿಸಿಕೊಡಿ ಎಂದು ಕೇಳಿದ್ದೂ ನಾನೇ. ಆದರೂ, ಹೊಳೆನರಸೀಪುರದಲ್ಲಿ ನನ್ನ ತಂಗಿಯ ಎದುರು ಮನೆಯಲ್ಲಿದ್ದ ಆ ಹೆಂಗಸು ಒಲೆಯ ಪಕ್ಕದಿಂದ ಎದ್ದು ಬಂದು, ಬಳೆ ಸರಿಮಾಡಿಕೊಳ್ಳುತ್ತಾ ನನ್ನನ್ನು ನೋಡಿ ನಗುತ್ತಾಳೆ ಅನ್ನಿಸಿತು. ಆಕೆ ತೀರಿಕೊಂಡು ಎರಡು ವರ್ಷವಾಗಿದೆ...

ನಾನು ಹಾಸನದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ವ್ಯಾಯಾಮ ಶಿಕ್ಷಕಿಯಾಗಿದ್ದವಳು. ವೃತ್ತಿಯುದ್ದಕ್ಕೂ ಸೀಟಿ ಊದಿ ಸಾಲು ನಿಲ್ಲಿಸಿದ್ದೇನೆ. ಈಗಲೂ ಹಾಸಿಗೆ ಮಡಿಸಿಡದೆ ಕಾಫಿ ಕುಡಿಯುವುದಿಲ್ಲ. ಮದುವೆಯಾಗಲಿಲ್ಲ, ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ. ನನ್ನವರು ಎಂದರೆ ತಂಗಿ ಮತ್ತು ಅವಳ ಮಗಳು. ಬೇಸಿಗೆ ರಜೆ ಬಂದರೆ ಅವರಿಬ್ಬರನ್ನೂ ಕರೆದುಕೊಂಡು, ನೀರೂ ಮರವೂ ಇರುವ ಕಡೆ ಒಂದು ಮನೆ ಹಿಡಿದು ನಾಲ್ಕು ದಿನ ಇದ್ದು ಬರುವುದು ನಮ್ಮ ವಾಡಿಕೆಯಾಗಿತ್ತು. ಮನೆ ಆರಿಸುವುದು ನನ್ನ ಕೆಲಸ. ಫೋಟೋ ನೋಡಿ ನಾನು ಯಾವ ಮನೆಯನ್ನೂ ಒಪ್ಪಿದವಳಲ್ಲ. ಮುಂಚೆ ಒಬ್ಬಳೇ ಹೋಗಿ ನಲ್ಲಿ ತಿರುಗಿಸಿ, ಕಿಟಕಿಯ ಚಿಲಕ ಎಳೆದು, ದಿಂಬನ್ನು ಬಿಸಿಲಿಗೆ ಹಿಡಿದು ನೋಡಿ, ಆಸ್ಪತ್ರೆ ಎಷ್ಟು ದೂರ ಎಂದು ವಿಚಾರಿಸಿಯೇ ಮುಂಗಡ ಕೊಡುತ್ತಿದ್ದೆ. ತಂಗಿಗೆ ಅದರಲ್ಲಿ ಪೂರ್ತಿ ನಂಬಿಕೆಯಿತ್ತು. ಎದುರು ಮನೆಗೆ ಆಕೆ ಬರುವ ತನಕ.

ಆಕೆಯ ಗಂಡನಿಗೆ ಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಆಕೆಯೂ ದಿನಾ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದಳು. ದೊಡ್ಡ ದನಿ, ದಪ್ಪ ಬಳೆಗಳು, ಎಲ್ಲರ ಮನೆಯ ವಿಷಯದಲ್ಲೂ ಸಲಹೆ. ಬಂದ ವರ್ಷವೇ ನನ್ನ ತಂಗಿ ಆಕೆಯನ್ನು ಅಕ್ಕ ಎಂದು ಕರೆಯತೊಡಗಿದಳು. ಹುಟ್ಟಿದಾಗಿನಿಂದ ಆ ಪದ ನನ್ನೊಬ್ಬಳದಾಗಿತ್ತು. ಫೋನಿನಲ್ಲಿ ತಂಗಿ 'ಅಕ್ಕ ಹೀಗಂದರು, ಅಕ್ಕ ಹಾಗಂದರು' ಎನ್ನುವಾಗ ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸುತ್ತಿದ್ದೆ. ಅದರಿಂದ ಏನೂ ಪ್ರಯೋಜನವಿರಲಿಲ್ಲ.

ಒಂದು ಬೇಸಿಗೆ ಆಕೆಯೂ ನನ್ನ ಜೊತೆ ಮನೆ ನೋಡಲು ಹೊರಟಳು. ಕಾರಿನಿಂದ ಇಳಿದವಳು ಕೋಣೆಯ ಕಡೆ ತಲೆ ಹಾಕಲಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ, ಚೀಲದಿಂದ ಬಟ್ಟೆಯ ಸಣ್ಣ ಗಂಟು ತೆಗೆದು, ಅಲ್ಲಿದ್ದ ಹೆಂಗಸಿನ ಕೈಗೆ ಒಂದು ಹಿಡಿ ತೊಗರಿಬೇಳೆ ಸುರಿದಳು.

"ಇದನ್ನ ಒಸಿ ನಿಮ್ ನೀರಲ್ಲಿ ಬೇಯಿಸವ್ವ. ನೀರು ಹೆಂಗದೆ ನೋಡಾನ. ಅಂದಂಗೆ, ನಿನ್ನ ತವರು ಯಾವೂರವ್ವಾ?"

ಬೇಳೆ ಬೆಣ್ಣೆಯಂತೆ ಬೆಂದರೆ ಆ ಮನೆ ಸರಿ. ಗಡುಸು ನೀರಿನಲ್ಲಿ ಕಾಳುಕಾಳಾಗಿ ಉಳಿದರೆ ಮನೆ ಬೇಡ. ಅಷ್ಟೇ ಆಕೆಯ ಪರೀಕ್ಷೆ. ಆಮೇಲೆ ಪ್ರತಿ ಬೇಸಿಗೆಯೂ, ಬೇಳೆ ಬೇಯುವಷ್ಟು ಹೊತ್ತು ಆಕೆ ಬಚ್ಚಲ ಕಲ್ಲಿನ ಮೇಲೆ ಕೂತು ಮಾತಾಡುತ್ತಿದ್ದಳು. ಪಾತ್ರೆ ಇಳಿಸುವ ಹೊತ್ತಿಗೆ ಆ ಮನೆಯವರ ಮಗಳ ಬಾಣಂತನ, ಅತ್ತೆಯ ಮಂಡಿನೋವು, ಹಸು ಒದೆಯುವುದು ಎಲ್ಲವೂ ಆಕೆಗೆ ಗೊತ್ತಾಗಿರುತ್ತಿತ್ತು. ಹೊರಡುವಾಗ ಅವರು ಆಕೆಯ ಕೈಗೆ ನುಗ್ಗೆಕಾಯಿ ಕಟ್ಟು ಕೊಡುತ್ತಿದ್ದರು. ನನಗೆ ಯಾವ ಮನೆಯಲ್ಲೂ ಯಾರೂ ನುಗ್ಗೆಕಾಯಿ ಕೊಟ್ಟಿರಲಿಲ್ಲ. ನಾನು ಚಿಲಕ ಎಳೆದು ನೋಡುವಾಗ ಅವರು ಬಾಗಿಲಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು, ತಪಾಸಣೆಗೆ ಬಂದವರ ಮುಂದೆ ನಿಂತ ಹಾಗೆ.

ಆಮೇಲೆ ತಂಗಿಗೆ ಗರ್ಭಕೋಶದ ಆಪರೇಷನ್ ಆಯಿತು. ಹಾಸನದ ನನ್ನ ಮನೆಯಲ್ಲೇ ಎರಡು ತಿಂಗಳು ಇಟ್ಟುಕೊಂಡು ನೋಡಿಕೊಂಡೆ. ಗಂಜಿ, ಮಾತ್ರೆ, ನಡಿಗೆ ಎಲ್ಲವೂ ಹೊತ್ತುಹೊತ್ತಿಗೆ. ಗಾಯ ಚೆನ್ನಾಗಿ ಮಾಗಿತು. ಆದರೆ ಅವಳು ಮಾತು ಬಿಟ್ಟಳು, ನಗು ಬಿಟ್ಟಳು; ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಗಾಳಿ ಬದಲಾಗಲಿ, ಎಲ್ಲಾದರೂ ಹಸಿರು ಇರುವ ಕಡೆ ಒಂದು ವಾರ ಇರಲಿ ಎಂದರು ಡಾಕ್ಟರು. ನಾನು ಅರಕಲಗೂಡಿನ ಕಡೆಯೆಲ್ಲ ತಿರುಗಿ, ಕೊಣನೂರಿನ ಹತ್ತಿರ ಕಾವೇರಿಯ ದಡದಲ್ಲಿ ಒಂದು ಮನೆ ಗೊತ್ತುಮಾಡಿದೆ. ಜಗುಲಿಯಿಂದಲೇ ಹೊಳೆ ಕಾಣುತ್ತಿತ್ತು. ನಾಲ್ಕು ಮೆಟ್ಟಿಲು ಇಳಿದರೆ ನೀರು. ಎರಡು ಸಲ ಹೋಗಿ ನೋಡಿ ಬಂದಿದ್ದೆ. ಇದೊಂದು ಮನೆಯಲ್ಲಾದರೂ ತಂಗಿ ನನ್ನಿಂದ ಎದ್ದು ಕೂತಳು ಎಂದಾಗಬೇಕಿತ್ತು. ಅಷ್ಟೇ ನನಗೆ ಬೇಕಾಗಿದ್ದು.

ಅಷ್ಟರಲ್ಲಿ ಎದುರು ಮನೆಯಾಕೆಯೂ ಒಂದು ಮನೆ ಹುಡುಕಿದ್ದಳು. ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆ, ಕೆರೆಯ ಹಿಂದಿನ ತೆಂಗಿನ ತೋಟದಲ್ಲಿ. ಎರಡನ್ನೂ ತಂಗಿಗೆ ತೋರಿಸುವುದು ಎಂದಾಯಿತು. ಮೊದಲು ತೋಟದ ಮನೆಗೆ ಹೋದೆವು. ಬೇಳೆ ಬೆಣ್ಣೆಯಾಯಿತು. ಮನೆಯವರು ಎಳನೀರು ಕೊಚ್ಚಿದರು, ಚಾಪೆ ಹಾಸಿದರು. ತಂಗಿ ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನೊಳಗೆ ಒಂದಿಷ್ಟು ಖುಷಿಯಾಯಿತು.

ಮಾರನೆಯ ದಿನ ಕೊಣನೂರು. ಆಕೆಯ ಗಂಟು ಮತ್ತೆ ಹೊರಬಂತು. ಬೋರ್‌ವೆಲ್ ನೀರು. ಎಷ್ಟು ಕುದಿಸಿದರೂ ಬೇಳೆ ಬೇಯಲಿಲ್ಲ. ಆಕೆ ಒಂದು ಕಾಳನ್ನು ಬೆರಳಲ್ಲಿ ಹಿಸುಕಿ, ನನ್ನ ಮುಂದೆ ಹಿಡಿದಳು.

"ಮೇಡಮ್ಮೋರೆ, ಈ ನೀರು ನಿಮ್ಮಂಗೇ ಕಣ್ರೀ. ಎಷ್ಟ್ ಉರಿ ಹಾಕಿದ್ರೂ ಮೆತ್ತಗಾಗಾಕಿಲ್ಲ!"

ತಂಗಿ ನಕ್ಕಳು. ಹೊಲಿಗೆ ಹಾಕಿದ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. "ಅಯ್ಯೋ ಅಕ್ಕ, ನಗಿಸಬೇಡಿ, ನೋಯುತ್ತೆ" ಎಂದು ಅವಳು ಹೇಳಿದ್ದು ಆಕೆಗೆ. ಎರಡು ತಿಂಗಳು ನಾನು ಮಾತ್ರೆ ಕೊಟ್ಟು ತರಲಾಗದ ನಗುವನ್ನು ಆಕೆ ಒಂದೇ ಮಾತಿನಲ್ಲಿ ತಂದಿದ್ದಳು. ಅದೂ ನನ್ನನ್ನು ಆಡಿಕೊಂಡು. ತಂಗಿ ನಕ್ಕಳಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಎದೆಯೊಳಗೆ ಮೆಣಸಿನಕಾಯಿ ಹಿಂಡಿದ ಹಾಗಾಯಿತು.

ಇನ್ನು ತೋಟದ ಮನೆಯೇ ಖಾಯಂ ಎಂದುಕೊಂಡು ಚೀಲ ಎತ್ತಿಕೊಂಡೆ. ಆಕೆ ತಡೆದಳು. ಜಗುಲಿಯ ಕಡೆ ಕೈತೋರಿಸಿ ದನಿ ತಗ್ಗಿಸಿದಳು.

"ನಿಮ್ ತಂಗೀನ ನೋಡಿ. ಹೊಳೆ ನೋಡ್ತಾ ಕೂತವ್ಳೆ. ನಿನ್ನೆ ಆ ತ್ವಾಟದಲ್ಲಿ ಗ್ವಾಡೆ ನೋಡ್ತಿದ್ಲು. ಇಲ್ಲೇ ಇರ್ಲಿ ಬುಡಿ. ನೀರು ನಾನು ತತ್ತೀನಿ."

ಹೀಗೆ ನನ್ನ ಮನೆಯೇ ಗೆದ್ದಿತು, ಆಕೆಯ ಮಾತಿನಿಂದ. ಆಕೆ ಹಟ ಹಿಡಿದು ತನ್ನ ಮನೆಗೇ ಎಳೆದುಕೊಂಡು ಹೋಗಿದ್ದರೆ ನಾನು ಆಕೆಯ ಮೇಲೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಂಡಿರಬಹುದಿತ್ತು. ಅದಕ್ಕೂ ಅವಕಾಶ ಕೊಡಲಿಲ್ಲ.

ನೀರಿನ ಕ್ಯಾನುಗಳ ಜೊತೆಗೆ ಆಕೆಯೂ ಬಂದು ಉಳಿದಳು. ನಾನು ಆ ವಾರಕ್ಕೊಂದು ದಿನಚರಿ ಹಾಕಿದ್ದೆ. ಬೆಳಗಿನ ನಡಿಗೆ ನಡೆಯಿತು; ಮಾತ್ರೆಯೂ ತಪ್ಪಲಿಲ್ಲ. ಆದರೆ ಸಂಜೆ ನಾನು ಹಾಲಿನ ಲೋಟ ಹಿಡಿದು ಮೆಟ್ಟಿಲ ಬಳಿ ಹೋದರೆ, ತಂಗಿ ಆಕೆಯ ಮೊಣಕಾಲಿಗೆ ಒರಗಿ ಕೂತಿರುತ್ತಿದ್ದಳು. ಆಕೆ ತಲೆ ಬಾಚುತ್ತಾ ಅಂಗಡಿಗೆ ಬರುವವರ ನಡೆನುಡಿಯನ್ನು ಅಣಕಿಸಿ ತೋರಿಸುತ್ತಿದ್ದಳು. ಹೊಳೆಯಲ್ಲಿ ಬಿಸಿಲು ಹೊರಳುತ್ತಿತ್ತು. ನಾನು ಮೇಲಿನ ಮೆಟ್ಟಿಲಲ್ಲಿ ಲೋಟ ಹಿಡಿದು, ಮಾತು ಮುಗಿಯಲಿ ಎಂದು ನಿಂತಿರುತ್ತಿದ್ದೆ. ಆ ಮಾತು ಮುಗಿಯುತ್ತಲೇ ಇರಲಿಲ್ಲ. ಹಾಲು ಕೆನೆಗಟ್ಟುತ್ತಿತ್ತು...

ಆಮೇಲಿನ ವರ್ಷಗಳಲ್ಲಿ ತಂಗಿ ಬಂದವರಿಗೆಲ್ಲ ಆ ವಾರದ ಕಥೆ ಹೇಳುತ್ತಿದ್ದಳು. "ಕೊಣನೂರಲ್ಲಿ ಅಕ್ಕ ಒಂದು ಮನೆ ಆರಿಸಿದ್ರು ನೋಡಿ, ಅಲ್ಲಿ ಹೋದ ಮೇಲೇ ನಾನು ಮನುಷ್ಯಳಾಗಿದ್ದು." ಅಕ್ಕ ಎಂದರೆ ಆಕೆ. ಆರಿಸಿದ್ದು ನಾನು. ಎಷ್ಟೋ ಸಲ ತಂಗಿಯ ನಡುಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗಲೇ ಈ ಮಾತು ಕೇಳಿದ್ದೇನೆ. ತಿದ್ದಲು ನಾಲಿಗೆ ತುದಿಗೆ ಬರುತ್ತಿತ್ತು. ಲೋಟ ತೊಳೆಯಲು ಎದ್ದು ಹೋಗುತ್ತಿದ್ದೆ.

ಎರಡು ವರ್ಷದ ಹಿಂದೆ, ಅಂಗಡಿಗೆ ಹೊರಟ ಆಕೆ ತನ್ನ ಮನೆಯ ಜಗುಲಿಯಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವವರೆಗೂ ಜೀವ ಉಳಿಯಲಿಲ್ಲ. ತಂಗಿ ಅಂದಿನಿಂದ ಬೀದಿಯ ಕಡೆಯ ಕಿಟಕಿ ತೆರೆದಿಲ್ಲ. ಊರು ಬಿಟ್ಟು ಎಲ್ಲಿಗೂ ಬಂದಿಲ್ಲ, ಹಾಸನಕ್ಕೂ ಇಲ್ಲ. ಒಂದು ಮಾತು ಇಲ್ಲಿ ಬರೆಯಬೇಕು. ನಾನು ತೀರಿಹೋದರೆ ಇವಳು ಹೀಗೆ ಕಿಟಕಿ ಮುಚ್ಚಿಕೊಂಡು ಕೂರುತ್ತಾಳೆಯೇ ಎಂದು ಎಷ್ಟೋ ದಿನ ಯೋಚಿಸಿದ್ದೇನೆ. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡುವುದಕ್ಕೆ ಬೇರೆ ಹೆಸರಿದೆಯೋ ಏನೋ, ನನಗೆ ಗೊತ್ತಿಲ್ಲ.

ಚನ್ನರಾಯಪಟ್ಟಣದಲ್ಲಿರುವ ತಂಗಿಯ ಮಗಳು ಈ ಬೇಸಿಗೆ ಅಮ್ಮನನ್ನು ಹೇಗಾದರೂ ಹೊರಡಿಸಲೇಬೇಕು ಎಂದು ಮೊಬೈಲಿಗೆ ಹತ್ತಾರು ಹೋಂಸ್ಟೇ ಚಿತ್ರಗಳನ್ನು ಕಳಿಸಿದಳು. ಎಲ್ಲ ಕಡೆಯೂ ಒಂದೇ ಉಯ್ಯಾಲೆ, ಒಂದೇ ಸೂರ್ಯಾಸ್ತ. "ದೊಡ್ಡಮ್ಮ, ನೀವೇ ಆರಿಸಿ. ನಾನು ಹೇಳಿದರೆ ಅಮ್ಮ ಬರಲ್ಲ" ಎಂದಳು. ನಾನು ಗೊರೂರಿನದನ್ನು ಆರಿಸಿ ತಂಗಿಗೆ ಫೋನು ಮಾಡಿದೆ. ಅವಳು, "ಅಲ್ಲಿ ಬೇಳೆ ಬೇಯುತ್ತೋ ಇಲ್ಲವೋ ನೋಡೋರು ಯಾರಿದ್ದಾರೆ?" ಎಂದು ಫೋನು ಇಟ್ಟುಬಿಟ್ಟಳು.

ಅದಕ್ಕೇ ಮಾರನೆಯ ಬೆಳಿಗ್ಗೆ ನಾನು ಒಂದು ಹಿಡಿ ಬೇಳೆ ಗಂಟು ಕಟ್ಟಿಕೊಂಡು ಬಸ್ಸು ಹತ್ತಿದ್ದು.

ಅಡುಗೆಯ ಹೆಂಗಸು ಪಾತ್ರೆ ಇಳಿಸಿ ಸೌಟಿನಲ್ಲಿ ತೋರಿಸಿದಳು. ಬೇಳೆ ಕರಗಿ ಹೋಗಿತ್ತು. ನಾನು ಅಲ್ಲಿಂದಲೇ ತಂಗಿಗೆ ಫೋನು ಮಾಡಿದೆ.

"ಗೊರೂರಿಗೆ ಬಂದಿದ್ದೀನಿ. ಬೇಳೆ ಬೆಂದಿದೆ. ಬೆಣ್ಣೆ."

"ನೀನಾ? ಬೇಳೆ ತಗೊಂಡು ಹೋಗಿದ್ಯಾ?"

"ಹೂಂ."

"ಬೇಯೋ ತನಕ ಏನು ಮಾಡ್ತಿದ್ದೆ?"

"ನಿಂತಿದ್ದೆ."

"ನಿಂತಿದ್ದೆ? ಆ ಅಡುಗೆಯವಳ ತವರು ಯಾವೂರು?"

"ಕೇಳಲಿಲ್ಲ."

ತಂಗಿ ನಕ್ಕಳು. ಎರಡು ವರ್ಷದ ಮೇಲೆ ಆ ನಗು ಕೇಳಿದೆ. ಈ ಸಲವೂ ನನ್ನನ್ನು ಕುರಿತೇ. ನಗುತ್ತಾ ನಗುತ್ತಾ ದನಿ ಒಡೆಯಿತು. "ಬರ್ತೀನಿ ಕಣೇ ಅಕ್ಕ" ಎಂದಳು. "ಶನಿವಾರ ಬರ್ತೀನಿ. ಒಳಗೆ ಹೋಗಿ ಕೇಳು ಹೋಗು."

ಹೋದೆ. ಬಚ್ಚಲ ಕಲ್ಲಿನ ಮೇಲೆ ಕೂತೆ. ಅಂಥ ಕಡೆ ನಾನು ಕೂತವಳಲ್ಲ, ಸೀರೆ ಒದ್ದೆಯಾಯಿತು. "ನಿಮ್ಮ ತವರು ಯಾವೂರಮ್ಮಾ?" ಎಂದೆ. ಆ ಹೆಂಗಸು ಸೌಟು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ದುದ್ದ ಕಣಮ್ಮ" ಎಂದು ನಕ್ಕು, ಮುಂದೆ ನಾನೇನು ಕೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಎದುರು ಮನೆಯಾಕೆಯಾಗಿದ್ದರೆ ಮುಂದಿನ ಮಾತು ತಾನಾಗಿಯೇ ಬರುತ್ತಿತ್ತು. ಏನೆಂದು ಬರುತ್ತಿತ್ತು? ಅಷ್ಟು ವರ್ಷ ಅಷ್ಟು ಹಿತ್ತಲುಗಳಲ್ಲಿ ಆಕೆ ಮಾತಾಡಿದ್ದಳು, ನಾನು ಒಳಗೆ ಚಿಲಕ ಎಳೆಯುತ್ತಿದ್ದೆ... ಮೊದಲ ಪ್ರಶ್ನೆಯೊಂದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು. ಇನ್ನು ಕೇಳಿಕೊಳ್ಳೋಣವೆಂದರೆ ಆಕೆ ಇಲ್ಲ.