ಮಿತ್ಸುಯೊ ಅಳೆದ ಮೀನು, ಊರು ತಿನ್ನದ ಮೀನು

ನಸುಕಿನಲ್ಲಿ ದೋಣಿಗಳು ದಡ ಸೇರುವ ಹೊತ್ತಿಗೆ ಮಿತ್ಸುಯೊ ರಬ್ಬರ್ ಬೂಟು ಮೆಟ್ಟಿಕೊಂಡು ಹರಾಜು ಕಟ್ಟೆಯ ಹಿಂದಿನ ಕೋಣೆಯಲ್ಲಿ ಸಜ್ಜಾಗಿರುತ್ತಾರೆ. ಬಂದ ಪ್ರತಿ ಜಾತಿಯಲ್ಲೂ ಒಂದು ಮೀನು ಅವರ ಹಲಗೆಗೆ ಬರಬೇಕು. ಚರ್ಮ ಸುಲಿದು, ಮುಳ್ಳು ತೆಗೆದು, ನುಣ್ಣಗೆ ಕೊಚ್ಚಿ, ಡಬ್ಬಿಗೆ ಒತ್ತಿ ತುಂಬಿ ಸೀಸದ ಗೋಡೆಯ ಯಂತ್ರದೊಳಗೆ ಇಡುತ್ತಾರೆ. ಮೀನಿನಲ್ಲಿ ವಿಕಿರಣವಿದೆಯೇ ಎಂದು ಯಂತ್ರ ಹೇಳುವವರೆಗೆ ಹೊರಗೆ ಹರಾಜು ಕೂಗುವಂತಿಲ್ಲ. ಮೀನುಗಾರರು ಸಿಗರೇಟು ಹಚ್ಚಿ ಅವರ ಕಿಟಕಿಯನ್ನೇ ನೋಡುತ್ತ ನಿಲ್ಲುತ್ತಾರೆ.

ಜಪಾನಿನ ಪೂರ್ವ ಕರಾವಳಿಯ ಈ ಊರಿನ ಪಕ್ಕದ ಅಣುಸ್ಥಾವರ ಸಿಡಿದ ಮೇಲೆ ವರ್ಷಗಟ್ಟಲೆ ಬಲೆಗಳು ನೀರು ಕಾಣಲಿಲ್ಲ. ಮಿತ್ಸುಯೊ ಅದಕ್ಕೂ ಮುಂಚೆ ಇದೇ ಕಟ್ಟೆಯಲ್ಲಿ ಮೀನು ಹೆಚ್ಚುತ್ತಿದ್ದವರು. ಪರೀಕ್ಷೆಗೆ ಚಾಕು ಬಲ್ಲವರು ಬೇಕೆಂದಾಗ ಹೆಸರು ಕೊಟ್ಟರು. ಈಚಿನ ವರ್ಷಗಳಲ್ಲಿ ಅವರ ಯಂತ್ರಕ್ಕೆ ಏನೂ ಸಿಕ್ಕಿಲ್ಲ. ದೂರದ ಪೇಟೆಯವರು ಈ ಮೀನನ್ನು ಕೊಂಡು ತಿನ್ನುತ್ತಾರೆ. ತಿನ್ನದವರು ಇದೇ ಊರಿನವರು, ಆದರೆ ಹಾಗೆಂದು ಯಾರೂ ಬಾಯಿ ಬಿಡುವುದಿಲ್ಲ.

ಇಲ್ಲಿ ಮೀನನ್ನು ಹಂಚಿ ತಿನ್ನುವುದು ವಾಡಿಕೆ. ಕೊಟ್ಟದ್ದನ್ನು ಬೇಡವೆಂದರೆ ಮುಖಕ್ಕೆ ಹೊಡೆದಂತೆ. ಮಿತ್ಸುಯೊ ಪರೀಕ್ಷೆ ಮುಗಿದ ಮೇಲೆ ಒಳ್ಳೆಯ ಮೀನೊಂದನ್ನು ತಟ್ಟೆಯಲ್ಲಿಟ್ಟು ನಾದಿನಿ ಫುಸಾಕೊ ಮನೆಗೆ ಒಯ್ಯುತ್ತಿದ್ದರು. ಫುಸಾಕೊ ತಲೆಬಾಗಿ ಇಸಿದುಕೊಳ್ಳುತ್ತಿದ್ದರು. ಮರುದಿನ ಅದೇ ತಟ್ಟೆಯಲ್ಲಿ ಉಪ್ಪಿನಲ್ಲಿಟ್ಟ ಮೂಲಂಗಿ ಬರುತ್ತಿತ್ತು, ಮೀನು ರುಚಿಯಾಗಿತ್ತೆಂಬ ಮಾತೂ ಬರುತ್ತಿತ್ತು. ಹೋದ ಚಳಿಗಾಲದಲ್ಲಿ ಬೆಕ್ಕೊಂದು ಆ ಮನೆಯ ಹಿತ್ತಿಲು ಕೆದರುವುದು ಮಿತ್ಸುಯೊ ಕಣ್ಣಿಗೆ ಬಿತ್ತು. ಮಣ್ಣಿನಲ್ಲಿ ತಾವು ಕೊಟ್ಟ ನಂಗು ಎಂಬ ಚಪ್ಪಟೆ ಮೀನು ಇಡಿಯಾಗಿ ಇತ್ತು.

ಅವರು ನೆಟ್ಟಗೆ ಮನೆಯ ಮುಂದಕ್ಕೆ ಬಂದು ಫುಸಾಕೊರನ್ನು ಕರೆದರು. ಬಾಗಿಲಲ್ಲೇ ನಿಂತು ಕೇಳಿದರು. "ನಿಂಗೆ ಯಂತ್ರದ ಮೇಲೆ ನಂಬಿಕೆ ಇಲ್ವೋ, ನನ್ನ ಮೇಲೋ?"

ಫುಸಾಕೊ ಹಿತ್ತಿಲ ಕಡೆ ಒಮ್ಮೆ ನೋಡಿದರು. "ನಿಮ್ಮ ಲೆಕ್ಕ ಸರಿಯಾಗೇ ಇರುತ್ತೆ ಅತ್ತಿಗೆ. ಅವತ್ತು ಸ್ಥಾವರ ಸಿಡಿದಾಗ ಟೀವಿಲಿ ಬಂದವರೂ ಲೆಕ್ಕ ತೋರಿಸೇ ಏನೂ ಆಗಲ್ಲ, ಮನೇಲೇ ಇರಿ ಅಂದ್ರು. ಬಸುರಿ ಮಗಳನ್ನ ಮನೇಲೇ ಇಟ್ಕೊಂಡೆ. ಮಗು ಉಳೀಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತ ಡಾಕ್ಟರು ಹೇಳಿದ್ರು. ಈಗ ನಾನು ಈ ಮೀನು ತಿಂದ್ರೆ ಅವರ ಆ ಮಾತನ್ನೂ ಒಪ್ಪಿಕೊಂಡ ಹಾಗೇ. ಆಮೇಲೆ ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ?"

ಮಿತ್ಸುಯೊ ಅಳೆಯುವುದನ್ನು ಬಿಟ್ಟಿಲ್ಲ, ಊರನ್ನು ಒಪ್ಪಿಸುವ ಹಟ ಮಾತ್ರ ಬಿಟ್ಟಿದ್ದಾರೆ. "ನಾವು ಅಂಕಿ ಕೊಡ್ತೀವಿ, ಅವರು ಕೇಳ್ತಿರೋದು ಅದನ್ನಲ್ಲ" ಎನ್ನುತ್ತಾರೆ ಚಾಕು ಒರೆಸುತ್ತ. "ತಪ್ಪಾಯ್ತು ಅಂತ ಯಾರಾದ್ರೂ ಬಂದು ಹೇಳ್ತಾರಾ ಅಂತ ಕಾಯ್ತಿದಾರೆ. ಅದನ್ನ ನಾನು ಯಾವ ಡಬ್ಬಿಗೆ ತುಂಬಲಿ?"

ಆದರೂ ಫುಸಾಕೊ ಮನೆಗೆ ಮೀನು ಒಯ್ಯುತ್ತಾರೆ. ತಿನ್ನಲೆಂದಲ್ಲ, ಹೂಳುವ ಬದಲು ಒಮ್ಮೆ ಎದುರಿಗೇ ಬೇಡ ಎನ್ನಲಿ ಎಂಬುದೊಂದೇ ಆಸೆ. ಕಳೆದ ವಾರ ಫುಸಾಕೊ ತಟ್ಟೆ ಮುಟ್ಟಲಿಲ್ಲ. "ಬೇಡ ಅತ್ತಿಗೆ," ಎಂದರು, "ಬನ್ನಿ, ಚಹಾ ಕುಡಿಯೋಣ."

ಮಿತ್ಸುಯೊ ಮೀನನ್ನು ಹೊಸ್ತಿಲ ಹೊರಗೇ ಇಟ್ಟು ಒಳಗೆ ಹೋದರು.