ಐದು ಕಾಲಿನ ಒಂಟೆ

ಹೋದ ತಿಂಗಳು ಯಾದಗಿರಿಯಲ್ಲಿ ಚಿತ್ರಕಲೆ ಕಲಿಯುವ ಒಂದಿಷ್ಟು ಹುಡುಗ ಹುಡುಗಿಯರು ಕಲ್ಯಾಣ ಮಂಟಪವೊಂದರಲ್ಲಿ ತಮ್ಮ ಕೆಲಸಗಳನ್ನು ನೋಡಲಿಕ್ಕೆ ಇಟ್ಟಿದ್ದರು. ನಾನು ಅದೇ ಊರಿನ ಶಾಲೆಯೊಂದರಲ್ಲಿ ಪಾಠ ಹೇಳುವವಳು. ಭಾನುವಾರದ ಬಿಡುವಿತ್ತು, ಹೋದೆ. ಬಾಗಿಲು ದಾಟುವಷ್ಟರಲ್ಲೇ ನೆನೆದ ಕಾಗದ ಮತ್ತು ಅರೆದ ಮೆಂತ್ಯದ ವಾಸನೆ ಬಂದು ಮುಖಕ್ಕೆ ತಾಗಿತು. ಅರ್ಧ ಕಹಿ, ಅರ್ಧ ಹಸಿ ಗೋಡೆಯಂಥ ಆ ವಾಸನೆಗೆ ನಾನು ಚಪ್ಪಲಿ ಬಿಡುವುದನ್ನೂ ಮರೆತು ನಿಂತೆ. ಒಳಗೆ ಮೇಜಿನ ಮೇಲೆ ಅರೆದ ಕಾಗದದಿಂದ ಮಾಡಿದ ದೀಪದ ಬುಟ್ಟಿಗಳು, ಒಂದು ಮೂರು ಕಾಲಿನ ಪೀಠ, ತನ್ನ ಬಾಲವನ್ನೇ ಹಿಡಿಕೆ ಮಾಡಿಕೊಂಡ ಬೆಕ್ಕಿನ ಹೂಜಿ, ನಾಲಿಗೆಯ ಮೇಲೆ ಪೆನ್ನು ಇಡಬಹುದಾದ ಓತಿಕ್ಯಾತ. "ಮುಟ್ಟಿ ನೋಡ್ರಿ ಮೇಡಂ, ಬರೇ ನೋಡಾಕ ಇಟ್ಟಿಲ್ಲ," ಎಂದಳು ಅಲ್ಲಿದ್ದ ಹುಡುಗಿ. ಬೆಕ್ಕಿನ ಬೆನ್ನು ಸವರಿದೆ. ಒಣಗಿದ ರೊಟ್ಟಿಯ ಹಾಗೆ ತರಿತರಿ. ಇದನ್ನೆಲ್ಲ ಹೊಸ ಕಾಲದ ಕಲೆ ಎಂದು ಆಕೆ ಉತ್ಸಾಹದಿಂದ ವಿವರಿಸುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ, ಆದರೆ ನನಗೆ ಕೇಳಿಸುತ್ತಿದ್ದದ್ದು ನಮ್ಮ ಸುರಪುರದ ಮನೆಯ ಹಿತ್ತಲಿನಲ್ಲಿ ಒರಳಿನೊಳಗೆ ಹಸಿ ಕಾಗದ ಕುಟ್ಟುವ ಮೆತ್ತನೆಯ ಸದ್ದು. ನಿಮಗೂ ಇಂಥ ಒಂದು ಸದ್ದು ಇದ್ದೀತು. ಕೇಳಿದಾಗ ಎಲ್ಲಿದ್ದೀರೆಂಬುದು ಮರೆತುಹೋಗುವಂಥದು.

ಕುಟ್ಟುತ್ತಿದ್ದವಳು ನೀಲಮ್ಮತ್ತೆ, ನನ್ನ ಅಪ್ಪನ ಅಕ್ಕ. ಶಹಾಪುರಕ್ಕೆ ಲಗ್ನವಾಗಿ ಹೋದವಳು ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದ್ದಳಂತೆ. ನನಗೆ ಬುದ್ಧಿ ಬರುವಷ್ಟರಲ್ಲಿ ಆಕೆಯ ಕೂದಲು ನೆರೆತಿತ್ತು. ಗುಡ್ಡದ ಬುಡದ ಓಣಿಯಲ್ಲಿ ನಮ್ಮ ಮನೆ, ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಹಿತ್ತಲಿನ ಬೇವಿನ ನೆರಳಲ್ಲಿ ಮಣ್ಣಿನ ಒಂದು ದೊಡ್ಡ ಹರವಿ ತುಂಬ ಸದಾ ಕಾಗದ ನೆನೆಯುತ್ತಿತ್ತು. ಮೂರು ದಿನ ನೆನೆದ ಮೇಲೆ ಮೆಂತ್ಯ ಹಾಕಿ ಕುಟ್ಟಿ, ಬೋರಲು ಹಾಕಿದ ಗಡಿಗೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಮುದ್ದೆಯನ್ನು ರೊಟ್ಟಿ ಬಡಿದ ಹಾಗೆ ಬಡಿದು ಹರಡುತ್ತಿದ್ದಳು. ಒಣಗಿದಾಗ ಗಡಿಗೆಯಿಂದ ಬುಟ್ಟಿ ಕಳಚಿ ಬರುತ್ತಿತ್ತು. ಕಾಳು, ಮೆಣಸಿನಕಾಯಿ ಇಡಲು ಅಂಥ ಬುಟ್ಟಿಗಳು ಎಲ್ಲರ ಮನೆಯಲ್ಲೂ ಇದ್ದವು. ಆದರೆ ನೀಲಮ್ಮತ್ತೆಯ ಬುಟ್ಟಿಗಳು ಸುಮ್ಮನೆ ಬುಟ್ಟಿಯಾಗಿ ಇರಲು ಒಪ್ಪುತ್ತಿರಲಿಲ್ಲ. ಒಂದಕ್ಕೆ ಕೋಳಿಯ ಕೊಕ್ಕು ಮೂಡುತ್ತಿತ್ತು, ಒಂದು ಹೊಟ್ಟೆ ಮುಂದೆ ಮಾಡಿಕೊಂಡ ಶೆಟ್ಟರ ಹಾಗೆ ಕೂತಿರುತ್ತಿತ್ತು. ಉಪ್ಪಿನ ಡಬ್ಬಿಯ ಮುಚ್ಚಳಕ್ಕೆ ಆಕೆ ಅಳುವ ಮುಖ ಮಾಡಿದ್ದಳು, ಸಕ್ಕರೆಯದಕ್ಕೆ ನಗುವ ಮುಖ. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕು, ಹೋಗುವಾಗ ಒಂದು ಕೇಳಿ ಒಯ್ಯುತ್ತಿದ್ದರು. ಊರಿನಲ್ಲಿ ಚಿನ್ನದ ರೇಖೆ ಎಳೆದು ದೇವರ, ದೊರೆಗಳ ಚಿತ್ರ ಬರೆಯುವ ಮನೆತನಗಳಿದ್ದವು. ಅದು ಗಂಡಸರ ಕೆಲಸ, ಮರ್ಯಾದೆಯ ಕೆಲಸ. ನಮ್ಮತ್ತೆ ಮಾಡುವುದಕ್ಕೆ ಯಾರೂ ಹೆಸರಿಟ್ಟಿರಲಿಲ್ಲ.

ನನಗೆ ಹತ್ತು ವರ್ಷವಾಗಿದ್ದಾಗ ಒಂದು ಬೇಸಿಗೆ ಮಾಳಿಗೆ ಸೋರುವುದನ್ನು ಸರಿಮಾಡಿಸಲು ಅಟ್ಟ ಖಾಲಿ ಮಾಡಿದಾಗ ಮುತ್ಯಾನ ಸಂದೂಕ ಕೆಳಗೆ ಬಂತು. ಮುತ್ಯಾ, ಅಂದರೆ ನನ್ನ ಅಜ್ಜ, ನಿಜಾಮರ ಕಾಲದಲ್ಲಿ ಶಾಲೆಯ ಮಾಸ್ತರರಾಗಿದ್ದವರು. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಬಹಳ ಸಿಟ್ಟಿನವರು, ಮನೆಯಲ್ಲಿ ಯಾರನ್ನೂ ಕೂರಿಸಿಕೊಂಡು ಎರಡು ಮಾತಾಡಿದವರಲ್ಲ ಎಂದಷ್ಟೇ ಕೇಳಿದ್ದೆ. ಸಂದೂಕದ ತುಂಬ ಉರ್ದುವಿನಲ್ಲಿ ಬರೆದ ದಪ್ಪ ಕಾಗದದ ವಹಿಗಳಿದ್ದವು. ಮನೆಯಲ್ಲಿ ಆ ಲಿಪಿ ಬಲ್ಲವರು ಯಾರೂ ಇರಲಿಲ್ಲ. "ಶಾಲಿ ಹಾಜರಿ ಲೆಕ್ಕ ಇರಬೇಕು, ಒಲಿಗೆ ಹಾಕ್ರಿ," ಎಂದ ಅಪ್ಪ. ನೀಲಮ್ಮತ್ತೆ ಒಂದು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. "ಒಲಿಗೆ ಯಾಕ? ಎಂಥಾ ಕಾಗದ ನೋಡು, ಅರಿವಿ ಇದ್ಹಂಗ ಅದ. ಅಕ್ಷರ ನೋಡಿದ್ರ ಬಳ್ಳಿ ಹಬ್ಬಿದ್ಹಂಗ ಕಾಣ್ತಾವ," ಎಂದು ಎಲ್ಲವನ್ನೂ ಹಿತ್ತಲಿಗೆ ತರಿಸಿದಳು. ಅರ್ಧ ಹರವಿಗೆ ಹೋಯಿತು. ಉಳಿದರ್ಧವನ್ನು ಬೆರಳಗಲದ ಪಟ್ಟಿಗಳಾಗಿ ಹರಿದು, ಹುಣಸೆಬೀಜದ ಅಂಟಿನಿಂದ ಬುಟ್ಟಿಗಳ ಹೊರಮೈಗೆ ಮೆತ್ತಿದಳು, ಬಣ್ಣದ ಬದಲಿಗೆ. ಹರಿಯುವ ಕೆಲಸ ನನ್ನದು. ಹಳೆಯ ದಪ್ಪ ಕಾಗದ ಹರಿಯುವಾಗ ಬರುವ ಸದ್ದು ನನಗೆ ಎಷ್ಟು ಇಷ್ಟವಾಗಿತ್ತೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅಕ್ಷರಗಳು ತಲೆಕೆಳಗಾಗಿ, ಅಡ್ಡಡ್ಡ, ಒಂದರ ಮೇಲೊಂದು ಹತ್ತಿ ಬುಟ್ಟಿಗಳು ಆ ವರ್ಷ ಹಿಂದೆಂದೂ ಇಲ್ಲದಷ್ಟು ಚೆಂದವಾದವು. ಅವು ಹುಣಸಗಿಗೆ, ಶಿರವಾಳಕ್ಕೆ, ಶಹಾಪುರಕ್ಕೆ ಬಳಗದವರ ಕೈಹಿಡಿದು ಹೋದವು.

ಮಳೆಗಾಲದ ಮೊದಲಲ್ಲಿ ಒಂದು ಸಂಜೆ ಮೆಹಬೂಬ ಮಾಸ್ತರರು ಮನೆಗೆ ಬಂದರು. ಮುತ್ಯಾನ ಹತ್ತಿರ ಕಲಿತು, ತಾವೂ ಮಾಸ್ತರಿಕೆ ಮಾಡಿ ನಿವೃತ್ತರಾದವರು. ನೀಲಮ್ಮತ್ತೆ ಅವರನ್ನು ಅಣ್ಣಾ ಎನ್ನುತ್ತಿದ್ದಳು. ಅವ್ವ ಒಂದು ಹೊಸ ಬುಟ್ಟಿಯಲ್ಲಿ ಚುರುಮುರಿ ಹಾಕಿ ಕೊಟ್ಟಳು. ಮಾಸ್ತರರು ಒಂದು ಹಿಡಿ ಬಾಯಿಗೆ ಹಾಕಿಕೊಂಡವರು ಬುಟ್ಟಿಯನ್ನು ಕಣ್ಣಿನ ಹತ್ತಿರ ತಂದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದರು.

"ತಂಗೀ, ಇದು ಗುರುಗಳ ಕೈಬರಹ ಅಲ್ಲೇನ್?"

"ಹೌದ್ರಿ ಅಣ್ಣಾ. ಅಪ್ಪನ ಸಂದೂಕದಾಗಿನ ಹಳೀ ಕಾಗದ. ಹಾಜರಿ ಲೆಕ್ಕ ಅಂತ."

ಮಾಸ್ತರರು ಚುರುಮುರಿಯನ್ನು ಮೆಲ್ಲಗೆ ತಾಟಿಗೆ ಸುರಿದರು. ಕನ್ನಡಕ ಒರೆಸಿಕೊಂಡರು. "ಹಾಜರಿ ಅಲ್ಲವ್ವ ಇದು. ದಿನಾ ಬರೀತಿದ್ರು ಅಂತ ಕಾಣ್ತದ, ತಮ್ಮ ಮನಸಿಂದು," ಎಂದು, ಬೆರಳನ್ನು ಪಟ್ಟಿಯ ಮೇಲಿಟ್ಟು ನಿಧಾನವಾಗಿ ಕನ್ನಡದಲ್ಲಿ ಹೇಳತೊಡಗಿದರು. "ನೀಲಾ ಇವತ್ತ ಪಡಸಾಲಿ ಗೋಡಿಗಿ ಇದ್ದಲಿಲೆ ಒಂಟಿ ಬರ್ದಾಳ. ಐದು ಕಾಲು. ಯಾಕಂತ ಕೇಳಿದ್ರ, ಅದು ನಡ್ಯಾಕತ್ತದ ಅಂದ್ಳು. ಹೊಡ್ದೆ. ಆಮ್ಯಾಲ ಒಬ್ಬನ ಕೂತು ನೋಡಿದ್ರ ಖರೇನ ಆ ಒಂಟಿ ನಡ್ಯಾಕತ್ತಿತ್ತು. ಅದನ್ನ ಅಳಸಾಕ ಮನಸು..." ಅಲ್ಲಿಗೆ ನಿಲ್ಲಿಸಿದರು.

"ಮನಸು?" ಎಂದಳು ನೀಲಮ್ಮತ್ತೆ.

"ಇಲ್ಲಿಗೇ ಹರದದ."

ಹರಿದವಳು ನಾನು. ಹತ್ತು ವರ್ಷದ ನನಗೆ ಅದು ಅವತ್ತೇ ಗೊತ್ತಾಯಿತು. ಅತ್ತೆ ನನ್ನ ಕಡೆ ನೋಡಲಿಲ್ಲ, ನೋಡಿದ್ದರೆ ಚೆನ್ನಾಗಿತ್ತೇನೋ. ಒಂಟೆಗಳನ್ನು ಹೊಡೆದುಕೊಂಡು ಹೋಗುವ ಮಂದಿ ಊರಿಗೆ ಬಂದದ್ದು, ಎಂಟು ವರ್ಷದ ತಾನು ಅವುಗಳ ಹಿಂದೆ ಊರ ಅಗಸಿ ಬಾಗಿಲಿನವರೆಗೆ ಓಡಿದ್ದು, ಮನೆಗೆ ಬಂದು ಬರೆದದ್ದು, ಬೆತ್ತದ ಏಟು, ಮರುದಿನ ಏಳುವಷ್ಟರಲ್ಲಿ ಗೋಡೆ ಬೆಳ್ಳಗಾಗಿದ್ದದ್ದು, ಎಲ್ಲವನ್ನೂ ಆಕೆ ಮೊದಲ ಸಲ ನಮ್ಮೆದುರು ಹೇಳಿದಳು. ಆಮೇಲೆ ಆಕೆ ಗೋಡೆ ಮುಟ್ಟಿರಲಿಲ್ಲ. ಕಾಗದ ಕುಟ್ಟಿ ಆಕಾರ ಮಾಡುವುದಕ್ಕೆ ಕೈ ಹಾಕಿದ್ದು ಮುತ್ಯಾ ತೀರಿಕೊಂಡ ಮೇಲೆ.

ಮರುದಿನದಿಂದ ನಾವು ಆ ಸಾಲಿನ ಉಳಿದ ತುಂಡಿಗಾಗಿ ಬುಟ್ಟಿ ಹುಡುಕಲು ಹೊರಟೆವು. ನೀಲಮ್ಮತ್ತೆ ಯಾರ ಮನೆಗೂ ಹೋಗುವವಳಲ್ಲ. ಆ ಮಳೆಗಾಲ ನನ್ನ ಕೈಹಿಡಿದು ಓಣಿ ಓಣಿ ತಿರುಗಿದಳು. ಹುಣಸಗಿ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು, ಕಾಲುವೆ ನೀರು ಹರಿಯುವ ಗದ್ದೆಗಳನ್ನು ನೋಡದೆ ತನ್ನ ಅಂಗೈ ನೋಡುತ್ತ ಹೋದಳು. ಕೊಟ್ಟದ್ದನ್ನು ವಾಪಸ್ಸು ಕೇಳಲು ಆಕೆಗೆ ಬಾಯಿ ಬರುತ್ತಿರಲಿಲ್ಲ. "ಒಂದೀಟು ನೋಡಿ ಕೊಡ್ತೀನಿ ಬೇ, ನಿಮ್ಮ ಬುಟ್ಟಿ ನಿಮಗೇ," ಎನ್ನುತ್ತಿದ್ದಳು. ಮೆಹಬೂಬ ಮಾಸ್ತರರು ತಮ್ಮ ಜಗಲಿಯ ಮೇಲೆ ಕೂತು, ನಾವು ತಂದದ್ದನ್ನೆಲ್ಲ ತಲೆಕೆಳಗು ಮಾಡಿ ಓದಿದರು. ಒಂದು ಕೋಳಿಯ ರೆಕ್ಕೆಯ ಮೇಲೆ ಯಾವನೋ ವಿದ್ಯಾರ್ಥಿಯ ಜ್ವರದ ಚಿಂತೆಯಿತ್ತು. ಶೆಟ್ಟರ ಹೊಟ್ಟೆಯ ಮೇಲೆ ಮಳೆ ಬಂದು ಶಾಲೆ ಬಿಟ್ಟ ಸುದ್ದಿ. ಇನ್ನೊಂದರ ಕಂಠದಲ್ಲಿ ನೀಲಾಳ ಲಗ್ನಕ್ಕೆ ತಾನು ಒಪ್ಪಿದ್ದು ಅವಸರವಾಯಿತೇನೋ ಎಂಬ ಅರ್ಧ ಸಾಲು. ಅದನ್ನು ಓದಿ ಮಾಸ್ತರರು ತಲೆಯೆತ್ತಲಿಲ್ಲ. ಅತ್ತೆ "ಮುಂದ ಓದ್ರಿ ಅಣ್ಣಾ," ಎಂದಳು. ಮುಂದೆ ಏನೂ ಇರಲಿಲ್ಲ. ಕಡೆಯದಾಗಿ ಉಳಿದದ್ದು ಶಿರವಾಳದ ಬುಟ್ಟಿ. ಅದು ಮಾಳಿಗೆ ಸೋರಿ ನೆನೆದು, ತಿಪ್ಪೆಗೆ ಹೋಗಿ ವಾರವಾಗಿತ್ತು.

ಶಿರವಾಳದಿಂದ ಬಂದ ದಿನ ಅತ್ತೆ ಕೈಕಾಲು ತೊಳೆಯದೆ ಪಡಸಾಲೆಯಲ್ಲಿ ದೇವರ ಜಗಲಿಯ ಪಕ್ಕದ ಗೋಡೆಯೆದುರು ಕೂತಳು. ಸ್ವಲ್ಪ ಹೊತ್ತಿನ ಮೇಲೆ ರೊಟ್ಟಿ ಹಂಚು ಕೆರೆಯುವ ಕಬ್ಬಿಣದ ಪಟ್ಟಿ ತಂದು ಸುಣ್ಣ ಕೆರೆಯಲು ಶುರುಮಾಡಿದಳು. "ನೀಲಕ್ಕಾ, ಗೋಡಿ ಯಾಕ ಕೆರ್ಯಾಕತ್ತೀರಿ?" ಎಂದು ಅವ್ವ ಗಾಬರಿಯಿಂದ ಓಡಿಬಂದಳು. ಅಪ್ಪ ಅಂಗಡಿಯಿಂದ ಬಂದವನು ಬೈಯಲು ಬಾಯಿ ತೆರೆದು, ಅಕ್ಕನ ಮುಖ ನೋಡಿ ಒಳಗೆ ಹೋದ. ಬಿಳಿಯ ಪದರ, ಅದರ ಕೆಳಗೆ ನೀಲಿ ಬೆರೆಸಿದ್ದು, ಮತ್ತೆ ಬಿಳಿ, ವರ್ಷಕ್ಕೊಂದರಂತೆ ಯುಗಾದಿಗಳು ಹೊಟ್ಟಿನ ಹಾಗೆ ನೆಲಕ್ಕುದುರಿದವು. ಎರಡು ದಿನ ಕೆರೆದಳು. ನಾನು ಒದ್ದೆ ಅರಿವೆಯಿಂದ ಧೂಳು ಒತ್ತುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ನನ್ನ ಮೊಣಕಾಲಿನ ಎತ್ತರದಲ್ಲಿ ಒಂದು ಕಪ್ಪು ಗೆರೆ ಕಂಡಿತು. ಆಮೇಲೆ ಇನ್ನೊಂದು. ಬೆನ್ನಿನ ಡುಬ್ಬದ ಅರ್ಧ ಮತ್ತು ಕಾಲುಗಳು. ತಲೆ ಇದ್ದ ಕಡೆ ಗಾರೆಯೇ ಕಿತ್ತುಹೋಗಿತ್ತು. ನಾನು ಗಟ್ಟಿಯಾಗಿ ಎಣಿಸಿದೆ. ಐದು.

ನೀಲಮ್ಮತ್ತೆ ಗೆರೆಯ ಅಂಚನ್ನು ಬೆರಳಿನಿಂದ ಮುಟ್ಟದಂತೆ ಮುಟ್ಟಿ ನೋಡಿದಳು. ಒರೆಸಿದ್ದರೆ ಇದ್ದಿಲು ಹರಡಿ ಗೋಡೆ ಕಪ್ಪಾಗಿರುತ್ತಿತ್ತು. ಇಲ್ಲಿ ಗೆರೆ ಗೆರೆಯಾಗಿಯೇ ಇತ್ತು, ಅದರ ಮೇಲೆ ನೇರ ಸುಣ್ಣ.

"ಅಳಿಸಿಲ್ಲ," ಎಂದಳು. "ಮುಚ್ಚ್ಯಾನ."

ಸುಣ್ಣ ಹಚ್ಚಿದ್ದು ಮುತ್ಯಾನೋ, ಏನೂ ತಿಳಿಯದೆ ನಮ್ಮ ಅಜ್ಜಿಯೋ, ಹೇಳುವವರು ಯಾರೂ ಉಳಿದಿರಲಿಲ್ಲ. ಅತ್ತೆಗೆ ಆ ಅನುಮಾನ ಬಂದಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆದರೆ ಆಕೆ ಅದನ್ನು ಆಡಲಿಲ್ಲ. ಅಂದಿನಿಂದ ಊಟಕ್ಕೆ ಆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ರೊಟ್ಟಿ ಮುರಿಯುವಾಗ ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು, ಎಂಟು ವರ್ಷದವಳ ಹಾಗೆ.

ಮುಂದಿನ ಯುಗಾದಿಗೆ ಅವ್ವ ಸುಣ್ಣದ ಬಕೀಟು ಹಿಡಿದು ಬಂದು, ಆ ಜಾಗ ಬಿಟ್ಟು ಹಚ್ಚಲೇ ಎಂದು ಕೇಳಿದಳು. ನೀಲಮ್ಮತ್ತೆ ಕುಂಚವನ್ನು ಆಕೆಯ ಕೈಯಿಂದ ತೆಗೆದುಕೊಂಡಳು. "ಬಿಸಲು, ಕೈ ಎಲ್ಲಾ ಬಡದು ಉದುರಾಕತ್ತದ. ಹೀಂಗ ಇಟ್ರ ನಾಕು ದಿನ ಅಷ್ಟ. ಮುಚ್ಚಿದ್ರ ಉಳೀತದ," ಎಂದು, ಮೊದಲು ಡುಬ್ಬದ ಮೇಲೆ, ಆಮೇಲೆ ಒಂದೊಂದೇ ಕಾಲಿನ ಮೇಲೆ, ಮಗುವಿಗೆ ಹೊದಿಸುವ ಹಾಗೆ ತೆಳ್ಳಗೆ ಸುಣ್ಣ ಎಳೆದಳು.

ಆಕೆ ಹೋಗಿ ಬಹಳ ವರ್ಷಗಳಾದವು. ಮಾಸ್ತರರೂ ಇಲ್ಲ, ಅಪ್ಪ ಅವ್ವನೂ ಇಲ್ಲ. ರಸ್ತೆ ಅಗಲ ಮಾಡುವಾಗ ಆ ಓಣಿಯ ಒಂದು ಸಾಲು ಮನೆಗಳೇ ಹೋದವು, ನಮ್ಮದೂ ಅದರಲ್ಲಿತ್ತು. ಪಡಸಾಲೆಯ ಗೋಡೆ ಒಂದೇ ಏಟಿಗೆ ಮಲಗಿತೆಂದೂ, ಬಿಳಿ ಧೂಳು ಗುಡ್ಡದ ತನಕ ಎದ್ದಿತೆಂದೂ ಆಮೇಲೆ ಯಾರೋ ಹೇಳಿದರು. ಆ ಸುಣ್ಣದೊಳಗೆ ಏನು ನಡೆದು ಹೋಗುತ್ತಿತ್ತೆಂದು ಬಲ್ಲವಳು ಆಗ ನಾನೊಬ್ಬಳೇ ಉಳಿದಿದ್ದೆ. ನಾನು ಅವತ್ತು ಯಾದಗಿರಿಯ ಶಾಲೆಯಲ್ಲಿ, ತಲೆ ಬಗ್ಗಿಸಿ ಪರೀಕ್ಷೆ ಬರೆಯುವ ಮಕ್ಕಳ ನಡುವೆ, ಮಾತಾಡಬಾರದೆಂದು ಹೇಳುತ್ತ ತಿರುಗುತ್ತಿದ್ದೆ.