ಪಡುವಣ ಗೋಡೆಯ ಗಿಡ

ಜೇವರ್ಗಿಯ ನಮ್ಮ ಮನೆಯ ಪಡುವಣ ಗೋಡೆಗೆ ಏಪ್ರಿಲ್ ತಿಂಗಳಲ್ಲಿ ದೀಪ ಹಚ್ಚುವ ಹೊತ್ತಿಗೂ ಕೈ ಇಡಲು ಆಗುತ್ತಿರಲಿಲ್ಲ. ಆ ಗೋಡೆಯ ಗೂಡಿನಲ್ಲಿ ಕಾನ್ವೆಂಟಿನಿಂದ ತಂದ ಒಂದು ಮೇಣದ ಬತ್ತಿಯನ್ನು ಹಚ್ಚದೆ ಇಟ್ಟುಕೊಂಡಿದ್ದೆ. ಮೊದಲ ಬೇಸಿಗೆಯಲ್ಲೇ ಅದು ನಡುವಿನಿಂದ ಬಾಗಿ, ಬತ್ತಿಯ ತುದಿಯನ್ನು ಗೂಡಿನಿಂದ ಹೊರಗೆ ಇಳಿಬಿಟ್ಟಿತು. ನೋಡಿ ನಕ್ಕಿದ್ದೆ. ಮೂರು ವರ್ಷದ ಮೇಲೆ ಅದೇ ಗೋಡೆಗೆ ಹೊಂದಿಸಿದ ಮಂಚದ ಮೇಲೆ ನನ್ನ ಮಗಳು ಜ್ವರದಲ್ಲಿ ಸೆಟೆದುಕೊಂಡಾಗ ಮೊದಲು ನೆನಪಾದದ್ದು ಆ ಬತ್ತಿ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮೈಸೂರಿನವಳು. ನನ್ನ ಯಜಮಾನರು ಅಫಜಲಪುರದ ಕಡೆಯ ಅತನೂರಿನವರು. ಮೈಸೂರಿನಲ್ಲಿ ಓದುವಾಗ ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದರು. ಜೇವರ್ಗಿಯ ತಾಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿ, ಊರ ಹೊರಗೆ ಒಂದು ಪ್ಲಾಟು ಹಿಡಿದು ಎರಡು ಕೋಣೆಯ ಮನೆ ಕಟ್ಟಿಸಿದರು. ಹಿಂದಿನ ವರ್ಷದವರೆಗೂ ಅದು ಜೋಳದ ಹೊಲ. ಕಾಲಿಟ್ಟರೆ ಕರಿ ಎರೆಮಣ್ಣು, ತಲೆಯ ಮೇಲೆ ಫರಸಿ ಕಲ್ಲು ಹಾಸಿದ ಮಾಳಿಗೆ.

ಮನೆ ಹೊಕ್ಕ ಹೊಸದರಲ್ಲಿ ಅತ್ತೆ ಅತನೂರಿನಿಂದ ಬಂದು ಒಂದು ತಿಂಗಳು ಜೊತೆಗಿದ್ದರು. ಹೊರಡುವ ದಿನ ಬಸ್ಸು ಹಾರ್ನು ಹೊಡೆಯುತ್ತಿರುವಾಗ ಮೆಟ್ಟಿಲ ಮೇಲೆ ನಿಂತು ಹೇಳಿದರು: "ಹಿತ್ತಲದಾಗ ಒಂದು ಗಿಡ ಎಬ್ಬಿಸೀನಿ ಬೇ. ಅದನ್ನ ಜ್ವಾಕಿ ಮಾಡು. ನಾಳಿ ನಿನಗ ಬೇಕಾಗತೈತಿ."

ಹೂಂ ಎಂದೆ. ಮನೆಗೆ ಬಂದು ಹಿತ್ತಲು ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಅತ್ತೆ ಬಿತ್ತಿದ ಒಂದು ಚೆಂಡುಹೂವಿನ ಗಿಡವಿತ್ತು. ನನಗೆ ಗಿಡ ಎಂದರೆ ಬಗ್ಗಿ ನೀರು ಹಾಕುವಂಥದ್ದು, ತಲೆ ಎತ್ತಿ ನೋಡುವುದು ಮರ. ಹಾಗಾಗಿ ಆ ಚೆಂಡುಹೂವನ್ನು ಜೋಪಾನ ಮಾಡಿದೆ. ಒಣಗಿದರೆ ಬೀಜ ತೆಗೆದು, ಅದೇ ಜಾಗದಲ್ಲಿ ಮತ್ತೆ ಹಾಕುತ್ತಿದ್ದೆ.

ಪಡುವಣ ಗೋಡೆಯ ಬಳಿ ಮೂರು ಕಲ್ಲುಗಳ ನಡುವೆ ಬೆರಳುದ್ದದ ಬೇವಿನ ಸಸಿಯೊಂದು ಎದ್ದಿತ್ತು. ಆ ಮೂರು ಕಲ್ಲುಗಳನ್ನು ನಾನು ನೋಡಿದ್ದೆ. ಮನೆ ಕಟ್ಟಿದವರು ಒಲೆ ಹೂಡಿದ್ದಿರಬೇಕು ಎಂದುಕೊಂಡೆ. ಬೇವು ರಸ್ತೆಯ ಬದಿಯಲ್ಲೆಲ್ಲ ಧೂಳು ಹೊತ್ತು ನಿಂತಿರುತ್ತಿತ್ತು, ಮನೆಯ ಅಂಗಳಕ್ಕೆ ಹೇಳಿದ್ದಲ್ಲ ಎಂಬುದು ನನ್ನ ಎಣಿಕೆ. ಎರಡು ಬೆರಳಲ್ಲಿ ಹಿಡಿದು ಕಿತ್ತೆ. ಬೇರು ಎಲೆಗಳಿಗಿಂತ ಉದ್ದವಿತ್ತು, ನೇರವಾಗಿ ಕೆಳಗಿಳಿದಿತ್ತು. ಅದನ್ನೂ ನೋಡಿದೆ. ನೋಡಿ ಬಿಸಾಡಿದೆ.

ಅಲ್ಲಿ ನನಗೆ ಸಿಲ್ವರ್ ಓಕ್ ಬೇಕಿತ್ತು. ನಮ್ಮ ಕಾನ್ವೆಂಟಿನ ಗೇಟಿನಿಂದ ಪ್ರಾರ್ಥನೆಯ ಮನೆಯವರೆಗೆ ಅವು ಸಾಲಾಗಿ ನಿಂತಿದ್ದವು. ಗಾಳಿ ಬಂದರೆ ಎಲೆಗಳು ಮಗುಚಿ ಬೆಳ್ಳಗೆ ಹೊಳೆಯುತ್ತಿದ್ದವು. ನಿಸರ್ಗ ಪಾಠದ ಸಿಸ್ಟರಿಗೆ ಕಾಗದ ಬರೆದು ಬೀಜ ತರಿಸಿಕೊಂಡೆ. ಪಕ್ಕದ ಮನೆಯಾಕೆಗೆ, "ನಮ್ಮ ಹಿತ್ತಲಿಗೆ ಒಂದು ಒಳ್ಳೆ ಮರ ಬೇಕಿತ್ತು" ಎಂದು ಹೇಳಿದ್ದಕ್ಕೆ ಆಕೆ ಮಧ್ಯಾಹ್ನವೇ ಹೊಸ ಮೊರ ತಂದುಕೊಟ್ಟಳು.

"ನಿನ್ನೆರ ಸಾರಿಸಿಟ್ಟದ್ದೈತ್ರಿ. ಜ್ವಾಳ ಕೇರಿ ಕೊಡ್ರಿ, ಅವಸರಿಲ್ಲ."

ವಿಷಯ ತಿಳಿದ ಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಈ ಕಡೆ ಮೊರಕ್ಕೆ ಮರ ಎನ್ನುತ್ತಾರೆ, ಮರಕ್ಕೆ ಗಿಡ ಎನ್ನುತ್ತಾರೆ ಎಂದು ಅವತ್ತು ಕಲಿತೆ. ಕಲಿತೂ, ಅತ್ತೆ ಬಸ್ಸಿನ ಮೆಟ್ಟಿಲ ಮೇಲೆ ಹೇಳಿದ ಮಾತಿಗೆ ಹಿಂದಿರುಗಿ ಹೋಗಬೇಕೆಂದು ಹೊಳೆಯಲಿಲ್ಲ. ಆ ಮಾತು ನನ್ನ ಮನಸ್ಸಿನಲ್ಲಿ ಹಳದಿ ಹೂವಾಗಿ ಕೂತುಬಿಟ್ಟಿತ್ತು.

ಅತ್ತೆಗೆ ಮೊಣಕಾಲು ನೋವು, ಮನೆಯಲ್ಲಿ ಎಮ್ಮೆ. ಅವರು ಜೇವರ್ಗಿಗೆ ಬರುವುದು ನಿಂತಿತು. ಹಬ್ಬಕ್ಕೆ ನಾವೇ ಅತನೂರಿಗೆ ಹೋಗುತ್ತಿದ್ದೆವು. ಹೋದಾಗಲೆಲ್ಲ ಕೈಗೆ ನೀರಿನ ತಂಬಿಗೆ ಕೊಡುತ್ತ ಕೇಳುತ್ತಿದ್ದರು.

"ಗಿಡ ಹ್ಯಾಂಗೈತಿ?"

"ಚೆನ್ನಾಗಿದೆ ಅತ್ತೆ, ಹೂ ಬಿಟ್ಟಿದೆ."

"ಇಷ್ಟ ಲಗೂನ?"

"ದಿನಾ ನೀರು ಹಾಕ್ತೀನಿ."

ಅತ್ತೆ ಓಣಿಯವರ ಕಡೆ ತಿರುಗಿ, "ನಮ್ಮ ಸೊಸಿ ಕೈಗುಣ ನೋಡ್ರಬೇ. ಎದ್ದು ವರ್ಷ ತುಂಬಿಲ್ಲ, ಹೂ ಬಿಟ್ಟೈತಂತ" ಎನ್ನುತ್ತಿದ್ದರು. ಚೇಷ್ಟೆ ಮಾಡುತ್ತಿದ್ದಾರೆ ಎಂದುಕೊಂಡು ನಾನೂ ನಗುತ್ತಿದ್ದೆ.

ಹಿತ್ತಲಲ್ಲಿ ನನ್ನ ಮರಗಳು ಒಂದೊಂದಾಗಿ ಸಾಯುತ್ತಿದ್ದವು. ಸಿಲ್ವರ್ ಓಕ್ ಮೊಣಕಾಲೆತ್ತರ ಬಂದಿತ್ತು. ಮಾರ್ಚಿಯಲ್ಲಿ ನೆಲ ಬಿರಿಯಿತು. ಎರೆಮಣ್ಣಿನ ಬಿರುಕು ಎಂದರೆ ಕೈ ಮುಳುಗುವಷ್ಟು. ಮಗಳ ಕಾಲ್ಗೆಜ್ಜೆಯ ಒಂದು ಗೆಜ್ಜೆ ಅದರಲ್ಲಿ ಬಿದ್ದು ಮತ್ತೆ ಸಿಗಲೇ ಇಲ್ಲ. ಬಿರುಕು ನೇರ ಸಸಿಯ ಬುಡದಿಂದಲೇ ಹಾದು, ಎಳೆಯ ಬೇರುಗಳನ್ನು ಹೊಲಿಗೆಯ ದಾರದ ಹಾಗೆ ಎಳೆದು ಹರಿದಿತ್ತು. ಆಮೇಲೆ ನೀಲಿ ಹೂವಿನ ಜಕರಂಡ ಹಾಕಿದೆ. ಮಳೆಗಾಲದಲ್ಲಿ ಆ ಮಣ್ಣೇ ಅಂಟಾಗಿ, ಗುಂಡಿಯಲ್ಲಿ ನೀರು ವಾರಗಟ್ಟಲೆ ನಿಂತು ಕೊಳೆತುಹೋಯಿತು. ಮೂರನೆಯದು ಅಶೋಕ. ನಮ್ಮ ಬಾವಿಯ ನೀರು ಸವಳು, ಕೊಡದ ಬಾಯಿಗೆ ಬಿಳಿ ಪೊರೆ ಕಟ್ಟುತ್ತಿತ್ತು. ಅಶೋಕದ ಎಲೆಗಳು ತುದಿಯಿಂದ ಕಂದಾಗಿ, ಇಸ್ತ್ರಿ ಪೆಟ್ಟಿಗೆ ತಾಗಿದ ಬಟ್ಟೆಯಂತೆ ಸುಟ್ಟವು. ನನಗೆ ಬೇಜಾರಾಗುತ್ತಿತ್ತು, ಅಷ್ಟೇ. ಇನ್ನೂ ಅದು ಅಂದಚೆಂದದ ಮಾತಾಗಿತ್ತು.

ಮಗಳಿಗೆ ಎರಡು ತುಂಬಿ ಮೂರರಲ್ಲಿದ್ದ ಬೇಸಿಗೆ, ಒಂದು ಮಧ್ಯಾಹ್ನ ಮೈ ಕೆಂಡವಾಯಿತು. ಕಣ್ಣು ಮೇಲಕ್ಕೆ ಹೋಯಿತು, ಹಲ್ಲು ಕಚ್ಚಿಕೊಂಡಳು. ಒದ್ದೆ ಸೀರೆಯಲ್ಲಿ ಸುತ್ತಿ ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಚಪ್ಪಲಿ ಹಾಕಿಲ್ಲವೆಂದು ಅಂಗಾಲು ಸುಟ್ಟ ಮೇಲೆ ತಿಳಿಯಿತು. ಆಕೆ ಉಳಿದಳು. ಮರುದಿನ ಡಾಕ್ಟರು ಮನೆಗೇ ಬಂದು ಗೋಡೆ ಮುಟ್ಟಿ ನೋಡಿದರು.

"ಮ್ಯಾಲ ಫರಸಿ, ಸುತ್ತ ಒಂದ ಗಿಡ ಇಲ್ಲ. ಇದು ಮನಿ ಅಲ್ಲರಿ, ಭಟ್ಟಿ ಅದ. ಝಳಕ್ಕ ಈ ಕೂಸು ತಾಳಂಗಿಲ್ಲ. ಮುಂದಿನ ಬ್ಯಾಸಿಗಿ ಒಳಗ ಏನರೆ ಮಾಡ್ರಿ, ಇಲ್ಲಂದ್ರ ತವರುಮನಿಗಿ ಕಳಸ್ರಿ. ಇನ್ನೊಂದ ಸರ್ತಿ ಹಿಂಗಾದ್ರ ನಾ ಏನೂ ಹೇಳಂಗಿಲ್ಲ."

ಸುದ್ದಿ ತಿಳಿದು ಅತ್ತೆ ಕಾಲೆಳೆದುಕೊಂಡು ಬಸ್ಸಿಳಿದು ಬಂದರು. ಮಗುವಿನ ಹಣೆ ಮುಟ್ಟಿದರು, ಗೋಡೆ ಮುಟ್ಟಿದರು.

"ಇಲ್ಯಾಕ ಮಲಗಿಸೀದಿ? ಚಾಪಿ ತಗೊಂಡ ಬಾ, ಗಿಡದ ಬುಡಕ ಹಾಸು" ಎನ್ನುತ್ತ ಹಿತ್ತಲ ಬಾಗಿಲು ತೆಗೆದರು. ಬಿಸಿಲು ಒಳಗೆ ಬಂತು. ಅವರು ಹೊಸ್ತಿಲಲ್ಲೇ ನಿಂತರು.

"ಗಿಡ ಎಲ್ಲೈತಿ?"

ನಾನು ಒಗೆಯುವ ಕಲ್ಲಿನ ಕಡೆ ಕೈ ತೋರಿಸಿದೆ. ತೋರಿಸುತ್ತಿದ್ದಂತೆಯೇ ಅವರು ಕೇಳಿದ್ದು ಅದಲ್ಲವೆಂದು ನನಗೆ ಗೊತ್ತಾಯಿತು. ಕೈ ಹಾಗೇ ಗಾಳಿಯಲ್ಲಿ ಉಳಿಯಿತು.

"ಅದು ಚೆಂಡ್ಹೂವು ಬೇ" ಎಂದರು ಅತ್ತೆ ಮೆಲ್ಲಗೆ. "ಗಿಡ. ಬೇವಿನ ಗಿಡ. ಮೂರ ಕಲ್ಲ ಇಟ್ಟಿದ್ನೆಲ್ಲ."

ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಗೋಡೆಯ ಬಳಿ ಹೋಗಿ ಖಾಲಿ ಗುಂಡಿಯನ್ನು ನೋಡುತ್ತ, "ಇಷ್ಟೊತ್ತಿಗಿ ಮಾಳಿಗಿ ಮುಟ್ಟತಿತ್ತು" ಎಂದಷ್ಟೇ ಹೇಳಿ, ಸೆರಗನ್ನು ನೀರಲ್ಲಿ ಅದ್ದಿ ಮಗುವಿಗೆ ಗಾಳಿ ಹಾಕುತ್ತ ಕೂತರು.

ಮುಂದಿನ ಬೇಸಿಗೆಗೆ ಹನ್ನೊಂದು ತಿಂಗಳಿತ್ತು. ನನಗೆ ಹುಚ್ಚು ಹಿಡಿದಂತಾಯಿತು. ಗುಲ್ಬರ್ಗದ ನರ್ಸರಿಗೆ ಹೋಗಿ ಅಲ್ಲಿನ ಮುದುಕ ಮಾಲಿಯನ್ನು, ಎಲ್ಲಕ್ಕಿಂತ ಬೇಗ ಬೆಳೆಯುವ ಮರ ಯಾವುದು ಕೊಡಿ ಎಂದು ಕೇಳಿದೆ.

"ಮಣ್ಣು ಯಾವುದ್ರಿ ಬಾಯಿ? ಎರಿ ಏನು ಕೆಂಪ ಮಸಾರಿ?"

"ಎರೆ."

"ನೀರು?"

"ಸವಳು."

ಮಾಲಿ ಕೈಯಲ್ಲಿದ್ದ ಗುಲ್‌ಮೊಹರಿನ ಸಸಿಯನ್ನು ಕೆಳಗಿಟ್ಟ. ನಾಲ್ಕು ವರ್ಷದಲ್ಲಿ ನನ್ನನ್ನು ಈ ಎರಡು ಪ್ರಶ್ನೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ಹಂಗಾರ ಬೇವು ಒಯ್ಯರಿ. ಬೇವು ಬಿಟ್ರ ಜಾಲಿ" ಎಂದ.

"ಬರೋ ಬೇಸಿಗೆಗೆ ನೆರಳು ಬರುತ್ತಾ?"

ಅವನು ನನ್ನ ಮುಖ ನೋಡಿದ. "ಬರೋ ಬ್ಯಾಸಿಗಿಗಿ ನೆರಳ ಬೇಕಂದ್ರ ತಟ್ಟಿ ಕಟ್ಟಸ್ರಿ. ಗಿಡ ಅವಸರಕ್ಕ ಕೇಳಂಗಿಲ್ಲರಿ."

ಎರಡನ್ನೂ ಮಾಡಿದೆ. ಅದೇ ಗುಂಡಿಯಲ್ಲಿ ಬೇವು ನೆಟ್ಟು, ಕುಡಿಯುವ ಸಿಹಿನೀರನ್ನೇ ಹಾಕಿದೆ. ಬಿರುಕು ಕಂಡಲ್ಲೆಲ್ಲ ಒಣ ಮಣ್ಣು ತುಂಬಿದೆ. ಮಾಳಿಗೆಯ ಮೇಲೆ ಜೋಳದ ದಂಟು ಹಾಸಿಸಿದೆವು, ಗೋಡೆಗೆ ತಟ್ಟಿ ಕಟ್ಟಿಸಿ ನೀರು ಚಿಮುಕಿಸಿದೆವು. ದಿನಕ್ಕೆ ಎರಡು ಸಲ ಹೋಗಿ ಬೇವಿನ ನೆರಳನ್ನು ಗೇಣಿನಿಂದ ಅಳೆಯುತ್ತಿದ್ದೆ. ಫೆಬ್ರವರಿಯ ಹೊತ್ತಿಗೆ ಅದು ನನ್ನ ಸೊಂಟದವರೆಗೆ ಬಂದಿತ್ತು. ಅದರ ನೆರಳಿನಲ್ಲಿ ಒಂದು ಕೋಳಿ ಕೂರಬಹುದಿತ್ತು. ನಾನು ಮಗಳನ್ನು ಅಲ್ಲಿ ಕೂರಿಸಿ, ಅವಳ ಕಾಲನ್ನು ಮಡಿಚಿ, ತಲೆಯನ್ನು ನೆರಳಿನೊಳಕ್ಕೆ ಬಗ್ಗಿಸಿ ನೋಡಿದೆ. ಬೆನ್ನು ಹೊರಗೇ ಉಳಿಯಿತು.

ಯಜಮಾನರು ಕಳಿಸೋಣ ಎಂದರು. ನಾನು ಒಂದು ವಾರ ತಡೆಯಿರಿ ಎಂದೆ. ಇನ್ನೊಂದು ವಾರ. ದಂಟು ಗಾಳಿಗೆ ಹಾರಿಹೋಯಿತು, ತಟ್ಟಿಗೆ ಹಾಕಲು ಬಾವಿಯಲ್ಲಿ ನೀರಿಲ್ಲ. ಮಾರ್ಚಿಯ ಕೊನೆಗೆ ಮತ್ತೆ ಸೆಟೆದುಕೊಂಡಳು, ಈ ಸಲ ಹೆಚ್ಚು ಹೊತ್ತು. ಕಣ್ಣು ತೆರೆದಾಗ ನನ್ನನ್ನು ಗುರುತಿಸಲು ಸ್ವಲ್ಪ ಸಮಯ ತೆಗೆದುಕೊಂಡಳು. ಆ ಸ್ವಲ್ಪ ಸಮಯದಲ್ಲಿ ನಾನು ಒಪ್ಪಿದೆ.

ಬೇಸಿಗೆಗೆ ಎಂದು ಮೈಸೂರಿಗೆ ಹೋದವಳು ಮಳೆಗಾಲಕ್ಕೆ ಬಂದಳು. ಮರುವರ್ಷ ಜನವರಿಯಲ್ಲೇ ಕಳಿಸಿದೆವು. ಆಮೇಲೆ ಶಾಲೆಯ ವಯಸ್ಸಾಯಿತು. ನಡುವರ್ಷದಲ್ಲಿ ಶಾಲೆ ಬಿಡಿಸುವುದು ಹೇಗೆ ಎಂದು ಅಮ್ಮ ಬರೆದರು. ನಾನು ಓದಿದ ಕಾನ್ವೆಂಟಿಗೇ ಸೇರಿಸಿದರು. ಸಿಲ್ವರ್ ಓಕ್ ಎಲೆಯನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿದ್ದೇನೆ ಎಂದು ಅವಳು ಬರೆದ ಕಾಗದ ನನ್ನ ಹತ್ತಿರ ಇದೆ.

ಬೇವಿಗೆ ಈ ಯಾವುದೂ ಗೊತ್ತಿರಲಿಲ್ಲ. ಅದು ಬೆಳೆಯಿತು. ಸವಳು ನೀರು ಕುಡಿಯಿತು, ಆಮೇಲೆ ನೀರನ್ನೇ ಕೇಳಲಿಲ್ಲ. ಬಿರುಕುಗಳು ಅದನ್ನು ಬಳಸಿಕೊಂಡು ಹೋದವು. ಮೂರನೆಯ ವರ್ಷ ಕಿಟಕಿ ದಾಟಿತು, ನಾಲ್ಕನೆಯ ವರ್ಷ ಮಾಳಿಗೆಯ ಅಂಚಿನ ಮೇಲೆ ಬಾಗಿತು. ಒಂದು ಏಪ್ರಿಲ್ ಸಂಜೆ ಸುಮ್ಮನೆ ಗೋಡೆಗೆ ಕೈ ಇಟ್ಟೆ. ಇಡಲು ಆಯಿತು. ಅಲ್ಲೇ ಮಂಚದ ಅಂಚಿಗೆ ಕೂತು, ಕೈ ತೆಗೆಯದೆ ಅತ್ತುಬಿಟ್ಟೆ.

ಮಗಳು ಮಳೆಗಾಲದ ರಜಕ್ಕೆ ಬಂದಾಗ ಅದರ ಕೆಳಗೆ ನಿಂತು ಮೇಲೆ ನೋಡಿದಳು. "ಎಷ್ಟು ದೊಡ್ಡ ಮರ ಅಮ್ಮ" ಎಂದಳು. ಗಿಡ ಕಣೇ ಎಂದು ಬಾಯಿಗೆ ಬಂತು. ಹೇಳಲಿಲ್ಲ. ನಾಲ್ಕು ದಿನ ಇದ್ದು ಹೋದಳು.

ಮರುವರ್ಷ ಮಾರ್ಚಿಯಲ್ಲಿ ನಾವಿಬ್ಬರೇ ಅತನೂರಿಗೆ ಹೋದೆವು. ಅತ್ತೆಗೆ ಆಗ ಕಣ್ಣು ಮಂಜಾಗಿತ್ತು. ತಂಬಿಗೆಯನ್ನು ನನ್ನ ಕೈ ಹುಡುಕಿ ಕೊಟ್ಟರು. ಎಷ್ಟೋ ವರ್ಷದಿಂದ ಕೇಳದೆ ಬಿಟ್ಟಿದ್ದ ಮಾತನ್ನು ಅವತ್ತು ಕೇಳಿದರು.

"ಗಿಡ ಹ್ಯಾಂಗೈತಿ?"

"ಹೂ ಬಿಟ್ಟೈತ್ರಿ ಅತ್ತಿ."

ಅವರು ಖಾಲಿ ತಂಬಿಗೆಗೆ ಕೈ ಚಾಚಿದರು.

"ಕೂಸು ಯಾವಾಗ ಬರತೈತಿ?"

"ಮಳಿ ಬಿದ್ದ ಮ್ಯಾಲ್ರಿ."

ಮನೆಗೆ ಮರಳಿದಾಗ ಕಿಟಕಿ ತೆರೆದೇ ಇತ್ತು. ಮಗಳ ಮಂಚದ ಹಾಸಿಗೆಯ ಮೇಲೆಲ್ಲ ಬೇವಿನ ಹೂ ಉದುರಿ ಬಿದ್ದಿತ್ತು. ನೆರಳೂ ಅಲ್ಲಿಯೇ ಇತ್ತು, ದಿಂಬಿನವರೆಗೆ.